ಫುಟ್‌ಬಾಲ್ ಹೆಡರ್‌ಗಳಿಂದ ಮುಂದೆ ಡಿಮೆನ್ಷಿಯಾ ಬರಬಹುದೇ?

ಪ್ರಶ್ನೆ: ನಾವು ಗ್ಲಾಸ್ಗೋದಲ್ಲಿ ನೆಲೆಸಿದ್ದೇವೆ, ಹತ್ತು ವರ್ಷದ ಮಗ ಶಾಲೆಯ ತಂಡದಲ್ಲಿ ಫುಟ್‌ಬಾಲ್ ಆಡುತ್ತಾನೆ. ಪ್ರಜ್ಞೆ ತಪ್ಪುವಂಥ ಪೆಟ್ಟು ಬೀಳದಿದ್ದರೂ, ಚೆಂಡನ್ನು ಮತ್ತೆ ಮತ್ತೆ ತಲೆಯಿಂದ ಹೊಡೆಯುವುದರಿಂದಲೇ ಮುಂದೆ ಡಿಮೆನ್ಷಿಯಾದ (ಮರೆವಿನ ಕಾಯಿಲೆಯ) ಅಪಾಯವಿದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ವೃತ್ತಿಪರ ಆಟಗಾರರ ಮಟ್ಟಿಗೆ ಆತಂಕಕ್ಕೆ ಆಧಾರವಿದೆ. ಇಂಗ್ಲೆಂಡ್ ತಂಡದ ಜೆಫ್ ಆಸ್ಟಲ್ 2002ರಲ್ಲಿ, 59ನೇ ವಯಸ್ಸಿನಲ್ಲಿ ತೀರಿಕೊಂಡಾಗ, ವಿಚಾರಣೆ ನಡೆಸಿದ ಅಧಿಕಾರಿ ಅದನ್ನು ವೃತ್ತಿಯಿಂದ ಬಂದ ಕಾಯಿಲೆಯ ಸಾವೆಂದು ದಾಖಲಿಸಿದರು. 2014ರಲ್ಲಿ ಅವರ ಮಿದುಳನ್ನು ಮರುಪರೀಕ್ಷಿಸಿದಾಗ, ತಲೆಗೆ ಪದೇ ಪದೇ ಪೆಟ್ಟು ಬಿದ್ದು ಬಾಕ್ಸರ್‌ಗಳಲ್ಲಿ ಕಾಣುವ ಸಿಟಿಇ ಎಂಬ ಮಿದುಳಿನ ರೋಗವಿದ್ದುದು ತಿಳಿಯಿತು. ಈ ರೋಗದಲ್ಲಿ ಟೌ ಎಂಬ ಪ್ರೋಟೀನು ಮಿದುಳಿನ ಮಡಿಕೆಗಳ ಆಳದಲ್ಲಿ, ಸಣ್ಣ ರಕ್ತನಾಳಗಳ ಸುತ್ತ ಗಂಟುಗಟ್ಟುತ್ತದೆ. ಸತ್ತ ಮೇಲಷ್ಟೇ ಇದನ್ನು ಖಚಿತಪಡಿಸಲು ಸಾಧ್ಯವೆಂಬುದು ದೊಡ್ಡ ತೊಡಕು.

ಉತ್ತರ 2: ನಿಮ್ಮೂರಿನ ವಿಶ್ವವಿದ್ಯಾಲಯದವರೇ 2019ರಲ್ಲಿ ಸ್ಕಾಟ್ಲೆಂಡಿನ 7,676 ಮಾಜಿ ವೃತ್ತಿಪರ ಆಟಗಾರರನ್ನು ಸುಮಾರು 23,000 ಸಾಮಾನ್ಯ ಜನರೊಡನೆ ಹೋಲಿಸಿ, ಡಿಮೆನ್ಷಿಯಾದಂಥ ನರಕ್ಷಯದ ಕಾಯಿಲೆಗಳಿಂದಾದ ಸಾವು ಆಟಗಾರರಲ್ಲಿ ಸುಮಾರು ಮೂರೂವರೆ ಪಟ್ಟು ಹೆಚ್ಚೆಂದು ಕಂಡುಕೊಂಡರು. ಅದೇ ಆಟಗಾರರಲ್ಲಿ ಹೃದ್ರೋಗದ ಸಾವು ಕಡಿಮೆಯಿತ್ತು. ಇದನ್ನು ಹೇಳುವವರು ಕಡಿಮೆ. 2021ರ ಮುಂದುವರಿದ ಅಧ್ಯಯನದಲ್ಲಿ, ಹೆಡರ್ ಹೆಚ್ಚು ಹೊಡೆಯುವ ಡಿಫೆಂಡರ್‌ಗಳಿಗೆ ಅಪಾಯ ಎಲ್ಲರಿಗಿಂತ ಹೆಚ್ಚಾಗಿತ್ತು, ಗೋಲ್‌ಕೀಪರ್‌ಗಳದು ಹೆಚ್ಚುಕಡಿಮೆ ಸಾಮಾನ್ಯರಷ್ಟೇ ಇತ್ತು. ಆದರೆ ಇವರೆಲ್ಲ ವರ್ಷಗಟ್ಟಲೆ ವೃತ್ತಿಯಾಗಿ ಆಡಿದವರು. ಈ ಅಂಕಿಗಳನ್ನು ಶಾಲಾ ಬಾಲಕನಿಗೆ ನೇರವಾಗಿ ಅನ್ವಯಿಸುವುದು ಸರಿಯಲ್ಲ.

ಉತ್ತರ 3: ಸ್ಕಾಟ್ಲೆಂಡಿನಲ್ಲಿ 2020ರಿಂದ ಆ ವಯಸ್ಸಿನ ಮಕ್ಕಳಿಗೆ ತರಬೇತಿಯಲ್ಲಿ ಹೆಡರ್ ಕಲಿಸುವಂತಿಲ್ಲ, ಕೋಚ್ ಅದನ್ನು ಪಾಲಿಸುತ್ತಿದ್ದಾರೆಯೇ ಎಂದು ಕೇಳಿ. ತಲೆಗೆ ಪೆಟ್ಟಾಗಿ ಮಗ ತಬ್ಬಿಬ್ಬಾದರೆ, ತಲೆನೋವೋ ವಾಂತಿಯೋ ಕಾಣಿಸಿಕೊಂಡರೆ, ಅವನು ಎಷ್ಟೇ ಹಟ ಹಿಡಿದರೂ ಅಂದು ಮತ್ತೆ ಮೈದಾನಕ್ಕೆ ಇಳಿಸದೆ ವೈದ್ಯರಿಗೆ ತೋರಿಸಿ.