ಹೊಸ ಹುಡುಗ್ರಿಗೆ ಕಸ್ಟಮ್ಸ್ ಕ್ಲಿಯರೆನ್ಸ್ ಕೆಲ್ಸ ಕಲ್ಸೋದು ಹೇಗೆ? ಸಾಫ್ಟ್‌ವೇರ್ ಬರತ್ತೆ, ಸಾಮಾನು ಗೊತ್ತಾಗಲ್ಲ

ಚೆಕ್‌ಲಿಸ್ಟ್ ಚಿಂತೆ

ಎಲ್ರಿಗೂ ನಮಸ್ಕಾರ. ಬೆಂಗಳೂರಲ್ಲಿ ಒಂದು ಸಣ್ಣ ಕಸ್ಟಮ್ಸ್ ಬ್ರೋಕರ್ ಆಫೀಸಲ್ಲಿದೀನಿ (ಕ್ಲೈಂಟ್ ಪರವಾಗಿ ಪೇಪರ್ ಮಾಡಿ ಕಸ್ಟಮ್ಸಿಂದ ಮಾಲು ಬಿಡಿಸೋ ಕೆಲ್ಸ), ಜಿ ಕಾರ್ಡ್ ಇದೆ (ಕಸ್ಟಮ್ಸ್ ಪರೀಕ್ಷೆ ಪಾಸಾದ ನೌಕರನಿಗೆ ಸಿಗೋದು), ಈ ಫೀಲ್ಡಿಗೆ ಬಂದು 14 ವರ್ಷ ಆಯ್ತು. 2013ರಿಂದ ರೂಲ್ಸಲ್ಲಿ ಹೆಸರು ಕಸ್ಟಮ್ಸ್ ಬ್ರೋಕರ್ ಅಂತ ಆದ್ರೂ ಜನಕ್ಕೆ ನಾವಿನ್ನೂ ಸಿಎಚ್‌ಎನೇ (ಕಸ್ಟಮ್ಸ್ ಹೌಸ್ ಏಜೆಂಟ್), ಇರ್ಲಿ. ಈ ಸಲ ನಮ್ಮ ಸಾಹೇಬ್ರು ಒಟ್ಟಿಗೇ ನಾಲ್ಕು ಜನನ್ನ ತಗೊಂಡಿದಾರೆ, ಮೂರು ಹುಡುಗ್ರು ಒಬ್ಬಳು ಹುಡುಗಿ, ಎಲ್ಲಾ ಬಿಕಾಂ, ಹೊಸಕೋಟೆ ದೊಡ್ಡಬಳ್ಳಾಪುರ ಕಡೆಯವ್ರು. ಟ್ರೈನಿಂಗ್ ನೀನೇ ಕೊಡು ಅಂತ ನನ್ನ ತಲೆಗೆ ಕಟ್ಟಿದಾರೆ.

ಹುಡುಗ್ರು ದಡ್ಡರಲ್ಲ. ಒಂದು ವಾರದಲ್ಲಿ ಸಾಫ್ಟ್‌ವೇರ್ ಕಲ್ತ್ರು, ಕಸ್ಟಮ್ಸ್ ಪೋರ್ಟಲ್ ಐಸ್‌ಗೇಟು, ಅದ್ರ ಇ-ಸಂಚಿತಲ್ಲಿ ಡಾಕ್ಯುಮೆಂಟ್ ಅಪ್‌ಲೋಡು, ಎಲ್ಲಾ ಪಟಪಟ ಅಂತ ಮಾಡ್ತಾರೆ. ಆದ್ರೆ ಕಾಪಿ ಪೇಸ್ಟು ಸಾರ್, ಹಳೇ ಜಾಬ್ ತೆಗೆದು ಅದೇ ಟ್ಯಾರಿಫ್ ನಂಬರ್ (ಸಾಮಾನು ಯಾವ ತರದ್ದು, ಡ್ಯೂಟಿ ಎಷ್ಟು ಅಂತ ಹೇಳೋ ಕೋಡು), ಅದೇ ಡಿಸ್ಕ್ರಿಪ್ಶನ್, ಇನ್‌ವಾಯ್ಸ್ ನಂಬರ್ ಮಾತ್ರ ಬದ್ಲಾಯ್ಸಿ ಚೆಕ್‌ಲಿಸ್ಟ್ (ಫೈಲ್ ಮಾಡೋಕೆ ಮುಂಚೆ ಕ್ಲೈಂಟಿಗೆ ತೋರ್ಸೋ ಡ್ರಾಫ್ಟು) ಕಳಿಸ್ಬಿಡ್ತಾರೆ. ಹೋದ ತಿಂಗ್ಳು ಒಂದು ಶಿಪ್‌ಮೆಂಟು, ಇನ್‌ವಾಯ್ಸಲ್ಲಿ "ವೈಫೈ ರೌಟರ್ ವಿತ್ ಆಕ್ಸೆಸರೀಸ್" ಅಂತಿತ್ತು, ಹುಡುಗ ಹಳೇ ಜಾಬ್ ನೋಡಿ ವೈರ್‌ಲೆಸ್‌ಗೆ ಬೇಕಾದ ಡಬ್ಲ್ಯುಪಿಸಿ ಅಪ್ರೂವಲ್ ಕೇಳಿ ತಗೊಂಡಿದ್ದ, ಅಷ್ಟಕ್ಕೆ ಖುಷಿ. ಎಕ್ಸಾಮಿನೇಶನ್ನಲ್ಲಿ ಬಾಕ್ಸ್ ಬಿಚ್ಚಿದ್ರೆ ಆಕ್ಸೆಸರೀಸ್ ಅಂದ್ರೆ ಪವರ್ ಅಡಾಪ್ಟರ್! ಅಡಾಪ್ಟರಿಗೆ ಬಿಐಎಸ್ ರಿಜಿಸ್ಟ್ರೇಶನ್ ಬೇಕು ಅನ್ನೋದು ಎಲೆಕ್ಟ್ರಾನಿಕ್ಸ್ ಮಾಡೋರಿಗೆಲ್ಲ ಗೊತ್ತಿರೋ ವಿಷ್ಯ, ಇದ್ರ ಮೇಲೆ ಆ ರಿಜಿಸ್ಟ್ರೇಶನ್ನಿನ ಆರ್ ನಂಬರ್ರೇ ಇಲ್ಲ. 9 ದಿನ ಮಾಲು ಅಲ್ಲೇ ಕೂತ್ಕೊಳ್ತು, ಡೆಮರೇಜ್ (ಮಾಲು ಬಿಡಿಸದೆ ಅಲ್ಲೇ ಇಟ್ಟಿದ್ದಕ್ಕೆ ಬೀಳೋ ದುಡ್ಡು) ಯಾರು ಕಟ್ಬೇಕು ಅಂತ ಕ್ಲೈಂಟ್ ಜೊತೆ ಇನ್ನೂ ಜಗಳ ನಡೀತಿದೆ.

ಹುಡುಗನ್ನ ಕೇಳಿದ್ರೆ "ಇನ್‌ವಾಯ್ಸಲ್ಲಿ ಅಡಾಪ್ಟರ್ ಅಂತ ಇರ್ಲಿಲ್ವಲ್ಲ ಸಾರ್" ಅಂತಾನೆ. ಅವನು ಹೇಳೋದೂ ಸರಿನೇ. ನಂಗ್ಯಾರೂ ಕೂರ್ಸಿ ಪಾಠ ಮಾಡಿದ್ದಿಲ್ಲ, ಬೈಸ್ಕೊಂಡು ಬೈಸ್ಕೊಂಡು ಕಲ್ತಿದ್ದು, ಆದ್ರೆ ಈಗಿನ ಹುಡುಗ್ರಿಗೆ ಬೈದ್ರೆ ಮಾರನೇ ದಿನ ಡೆಲಿವರಿ ಆ್ಯಪ್‌ಗೆ ಸೇರ್ಕೋತಾರೆ. ನಿಮ್ಮ ಆಫೀಸಲ್ಲಿ ಹೇಗೆ ಕಲಿಸ್ತೀರಾ, ಮೊದಲ ಮೂರು ತಿಂಗ್ಳು ಏನು ಮಾಡಿಸ್ತೀರಾ ಸ್ವಲ್ಪ ಹೇಳಿ.

ಶೆಡ್ ಸೀನಿಯರ್

ಗುರು, ಮೊದ್ಲು ಅವರಿಗೆ ಎಚ್ ಕಾರ್ಡ್ (ಪರೀಕ್ಷೆ ಪಾಸಾಗದ ಹೊಸಬರಿಗೆ ಕೊಡೋ ಕಾರ್ಡು) ಮಾಡಿಸಿ ಕಾರ್ಗೋ ಶೆಡ್ ಒಳಗೆ ಕರ್ಕೊಂಡು ಹೋಗು. ನಾನು ಕಲ್ತಿದ್ದು ಹಳೇ ಎಚ್‌ಎಎಲ್ ಏರ್‌ಪೋರ್ಟ್ ಕಾಲದಲ್ಲಿ, 2008ರಲ್ಲಿ ದೇವನಹಳ್ಳಿಗೆ ಹೋಗೋಕೆ ಮುಂಚೆ, ಆಗ ಮೊದಲ ಆರು ತಿಂಗ್ಳು ಕಂಪ್ಯೂಟರ್ ಮುಟ್ಟಿಸ್ತಾನೇ ಇರ್ಲಿಲ್ಲ, ಬರೀ ಬಾಕ್ಸ್ ಬಿಚ್ಚೋದು ಕಟ್ಟೋದು. ಕತ್ತೆ ಚಾಕ್ರಿ ಅನ್ನಿಸ್ತಿತ್ತು, ಆದ್ರೆ ಬೇರಿಂಗ್ ಹೇಗಿರತ್ತೆ ಗ್ಯಾಸ್ಕೆಟ್ ಹೇಗಿರತ್ತೆ ಅಂತ ಕೈಗೆ ಗೊತ್ತಾಯ್ತು.

ನಾನು ಮಾಡಿಸೋದು ಒಂದೇ ಎಕ್ಸರ್ಸೈಜು. ಪೀಣ್ಯದಲ್ಲಿ ಗೊತ್ತಿರೋ ಒಂದು ವರ್ಕ್‌ಶಾಪ್‌ನಿಂದ ಸಿಎನ್‌ಸಿ ಮಶೀನಿನ ಹಳೇ ಸ್ಪೇರ್ ಒಂದು ಡಬ್ಬ ತಂದಿಟ್ಟಿದೀನಿ. ಇನ್‌ವಾಯ್ಸಲ್ಲಿ "ಮಶೀನ್ ಸ್ಪೇರ್ಸ್" ಅಂತಷ್ಟೇ ಇರತ್ತೆ ಅಂತ ಹೇಳಿ ಕ್ಲಾಸಿಫೈ ಮಾಡಿ ಅಂತೀನಿ. ಎಲ್ಲಾ ಹುಡುಗ್ರೂ ಕಣ್ಮುಚ್ಚಿ ಇಡೀ ಡಬ್ಬನ 8466ನೇ ಹೆಡಿಂಗಿಗೆ (ಟ್ಯಾರಿಫ್ ನಂಬರಿನ ಮೊದಲ ನಾಲ್ಕಂಕಿ) ಹಾಕ್ತಾರೆ, ಮಶೀನ್ ಟೂಲ್ ಪಾರ್ಟ್ಸ್ ಅಲ್ವಾ ಅದು ಅಂತ. ಆಮೇಲೆ ಒಂದೊಂದೇ ಎತ್ತಿ ತೋರಿಸ್ತೀನಿ, ಬಾಲ್ ಬೇರಿಂಗು ಯಾವ ಮಶೀನಿಂದೇ ಆಗ್ಲಿ ಹೋಗೋದು 8482ಕ್ಕೆ, ಸಣ್ಣ ಮೋಟರ್ ಇದ್ರೆ 8501, ರಬ್ಬರ್ ಓ ರಿಂಗು 4016, ಅದು 84ನೇ ಚಾಪ್ಟರೇ ಅಲ್ಲ, ಸ್ಕ್ರೂ ಬೋಲ್ಟು 7318, ಇದೆಲ್ಲ ತೆಗೆದ್ಮೇಲೆ ಉಳಿಯೋದು ಮಾತ್ರ 8466. ಒಂದು ಡಬ್ಬದಲ್ಲಿ ಐದು ಹೆಡಿಂಗು! ಆ ಮುಖಗಳನ್ನ ನೋಡ್ಬೇಕು ನೀನು. ಅವತ್ತಿಂದ "ಸ್ಪೇರ್ಸ್", "ಆಕ್ಸೆಸರೀಸ್", "ಕಿಟ್" ಅನ್ನೋ ಪದ ಕಂಡ್ರೆ ಅವ್ರೇ ಫೋನ್ ಎತ್ಕೊಂಡು ಕ್ಲೈಂಟಿಗೆ ಕೇಳ್ತಾರೆ, ಒಳಗೆ ಏನಿದೆ ಸಾರ್ ಅಂತ.

ಪರೀಕ್ಷೆ ಪಾಸಾದವಳು

ಶೆಡ್ ಸೀನಿಯರ್ ಅವ್ರು ಹೇಳಿದ್ದು ಅರ್ಧ ಸರಿ. ಡಬ್ಬ ತೋರಿಸಿದ್ರೆ ಅದ್ರಲ್ಲಿರೋ ಐದು ಸಾಮಾನು ಗೊತ್ತಾಗತ್ತೆ, ಆರನೇದು ಬಂದ್ರೆ? ಬೇರಿಂಗ್ ಯಾಕೆ 8482ಕ್ಕೆ ಹೋಯ್ತು ಅನ್ನೋದಕ್ಕೆ ಕಾರಣ ಟ್ಯಾರಿಫ್ ಪುಸ್ತಕದ ಸೆಕ್ಷನ್ 16ರ ನೋಟ್ಸಲ್ಲಿದೆ, ಪಾರ್ಟ್ ಆದ್ರೂ ಅದಕ್ಕೇ ಅಂತ 84, 85ರಲ್ಲಿ ಸ್ವಂತ ಹೆಡಿಂಗ್ ಇದ್ರೆ ಅಲ್ಲಿಗೇ ಹೋಗ್ಬೇಕು ಅಂತ, ಓ ರಿಂಗು ಸ್ಕ್ರೂ ಆಚೆ ಬಂದಿದ್ದಕ್ಕೂ ಅಲ್ಲೇ ಮೊದಲ ನೋಟಲ್ಲಿ ಕಾರಣ ಇದೆ. ಆ ನೋಟ್ಸ್ ಓದೋದು ಕಲಿಸದೆ ಬರೀ ಡಬ್ಬ ತೋರ್ಸೋದು ಬಾಯಿಪಾಠ ಮಾಡ್ಸಿದ ಹಾಗೇನೇ.

ನಾನು ಬ್ರೋಕರ್ ಲೈಸೆನ್ಸಿಗೆ ಅಂತ ಇರೋ 6ನೇ ರೆಗ್ಯುಲೇಶನ್ ಎಕ್ಸಾಮ್ ಬರೆದವಳು, ಇಲಾಖೆಯ ಟ್ರೈನಿಂಗ್ ಸಂಸ್ಥೆ ನಾಸಿನ್ ನಡೆಸೋದು. 150 ಪ್ರಶ್ನೆ, ಎರಡೂವರೆ ಗಂಟೆ, ಸರಿ ಆದ್ರೆ 3 ಮಾರ್ಕ್ಸ್ ತಪ್ಪಾದ್ರೆ 1 ಕಟ್ಟು, 450ಕ್ಕೆ 270 ಬಂದ್ರೆ ಪಾಸು, ಆಮೇಲೆ ಓರಲ್ ಬೇರೆ. ಮೊದಲ ಸಲ ಫೇಲಾದೆ, ಫೀಲ್ಡಲ್ಲಿ ಆರು ವರ್ಷ ಇದ್ದೆ ಅನ್ನೋ ಧಿಮಾಕಲ್ಲಿ ಹೋಗಿದ್ದೆ ಅದಕ್ಕೆ. ನಾವು ದಿನಾ ಮಾಡೋದು ಹತ್ತು ಹದಿನೈದು ತರದ ಸಾಮಾನು, ಕಾನೂನು ಇರೋದು ಎಲ್ಲದಕ್ಕೂ.

ವ್ಯಾಲ್ಯುಯೇಶನ್ ಕೂಡ ಕೈಯಲ್ಲೇ ಲೆಕ್ಕ ಹಾಕಿಸಿ, ಸಾಫ್ಟ್‌ವೇರ್ ಮಾಡತ್ತೆ ಅಂತ ಬಿಡ್ಬೇಡಿ. ನಾನು ಕೊಡೋ ಲೆಕ್ಕ ಇದು, ಎಫ್‌ಓಬಿ (ಫ್ರೈಟು ಇನ್ಶೂರೆನ್ಸ್ ಸೇರಿಸದ ಬೆಲೆ) 1,00,000 ರೂಪಾಯಿ, ಏರ್ ಫ್ರೈಟ್ 35,000, ಇನ್ಶೂರೆನ್ಸ್ ಎಷ್ಟು ಅಂತ ಗೊತ್ತಿಲ್ಲ. ಹುಡುಗ್ರು 35,000 ಪೂರ್ತಿ ಸೇರಿಸ್ತಾರೆ. ವಿಮಾನದಲ್ಲಿ ಬಂದ್ರೆ ಫ್ರೈಟು ಎಫ್‌ಓಬಿಯ 20 ಪರ್ಸೆಂಟ್ ಮೀರಂಗಿಲ್ಲ, ಸೋ 20,000, ಇನ್ಶೂರೆನ್ಸ್ ಗೊತ್ತಿಲ್ದಿದ್ರೆ 1.125 ಪರ್ಸೆಂಟು ಅಂದ್ರೆ 1,125, ಒಟ್ಟು 1,21,125. ಇದ್ರ ಮೇಲೆ ಬೇಸಿಕ್ ಡ್ಯೂಟಿ, ಡ್ಯೂಟಿ ಮೇಲೆ 10 ಪರ್ಸೆಂಟ್ ಸೋಶಿಯಲ್ ವೆಲ್ಫೇರ್ ಸರ್ಚಾರ್ಜು (ಕೆಲವು ಐಟಮ್‌ಗೆ ಇರಲ್ಲ, ನೋಟಿಫಿಕೇಶನ್ ನೋಡ್ಕೊಳ್ಳಿ), ಇದೆಲ್ಲ ಕೂಡಿದ್ರ ಮೇಲೆ ಐಜಿಎಸ್‌ಟಿ. ಒಂದ್ಸಲ ಕೈಯಲ್ಲಿ ಹಾಕಿದವ್ರು ಚೆಕ್‌ಲಿಸ್ಟಲ್ಲಿ ಫ್ರೈಟ್ ಕಾಲಮ್ ನೋಡದೆ ಮುಂದಕ್ಕೆ ಹೋಗಲ್ಲ.

ಶೆಡ್ ಸೀನಿಯರ್

ಒಪ್ಕೊಂಡೆ ಮೇಡಂ. ಆದ್ರೆ ಡಬ್ಬ ಮೊದ್ಲು, ನೋಟ್ಸ್ ಆಮೇಲೆ. ನೋಟ್ಸ್ ಮೊದ್ಲು ಕೊಟ್ರೆ ನಿದ್ದೆ ಮಾಡ್ತಾರೆ, ಅದೂ ಊಟ ಆದ್ಮೇಲೆ ಕೇಳ್ಲೇಬೇಡಿ.

ಪೆನ್ಶನ್ ತಾತ

ನಾನು ಇಲಾಖೆಯಲ್ಲೇ ಇದ್ದವನು, ಈಗ ರಿಟೈರ್ಡ್. ಟೇಬಲ್ಲಿನ ಈ ಕಡೆಯಿಂದ ಕಂಡಿದ್ದು ಹೇಳ್ತೀನಿ.

ಹಿಂದೆ ಕ್ವೆರಿ (ಅಸೆಸ್ ಮಾಡೋ ಅಧಿಕಾರಿ ಕೇಳೋ ಪ್ರಶ್ನೆ) ಬಂದ್ರೆ ನಿಮ್ಮ ಸಿಎಚ್‌ಎ ಹುಡುಗ ಕ್ಯಾಟಲಾಗ್ ಹಿಡ್ಕೊಂಡು ಟೇಬಲ್ ಹತ್ರ ಬಂದು "ಸಾರ್ ಇದು ಹೀಗೆ ತಿರುಗತ್ತೆ ಸಾರ್, ಇಲ್ಲಿ ಎಣ್ಣೆ ಹೋಗತ್ತೆ ಸಾರ್" ಅಂತ ಕೈಸನ್ನೆ ಮಾಡಿ ಹೇಳ್ತಿದ್ದ, ಅರ್ಥ ಆಗ್ತಿತ್ತು. ಈಗ ಫೇಸ್‌ಲೆಸ್ ಅಸೆಸ್‌ಮೆಂಟ್. ಇದು ಶುರುವಾಗಿದ್ದೇ ನಮ್ಮ ಬೆಂಗಳೂರು ಮತ್ತು ಚೆನ್ನೈಯಲ್ಲಿ, 2020ರ ಜೂನ್ 8ಕ್ಕೆ, ಅದೂ 84, 85ನೇ ಚಾಪ್ಟರ್ ಸಾಮಾನಿಗೆ, ಆ ವರ್ಷ ಅಕ್ಟೋಬರ್ ಕೊನೆಗೆ ದೇಶಕ್ಕೆಲ್ಲ ಬಂತು. ಈಗ ದೇವನಹಳ್ಳಿಗೆ ಬಂದ ಮಾಲನ್ನ ಬೇರೆ ಯಾವುದೋ ಊರಲ್ಲಿ ಕೂತ ಅಧಿಕಾರಿ ಅಸೆಸ್ ಮಾಡಬಹುದು. ಅವನಿಗೆ ನಿಮ್ಮ ಹುಡುಗನ ಮುಖವೂ ಕಾಣಲ್ಲ, ಸಾಮಾನೂ ಕಾಣಲ್ಲ, ಕಾಣೋದು ನೀವು ಬರೆದ ನಾಲ್ಕು ಸಾಲು ಮತ್ತು ಅಪ್‌ಲೋಡ್ ಮಾಡಿದ ಕ್ಯಾಟಲಾಗು.

ಹಾಗಾಗಿ ಬರೆಯೋದು ಕಲಿಸಿ. ಎಂಥೆಂಥ ಉತ್ತರ ನೋಡಿದ್ದೀನಿ ಅಂದ್ರೆ, ಈ ಸಾಮಾನು ಯಾಕೆ ಈ ಹೆಡಿಂಗಿಗೆ ಬರತ್ತೆ ಅಂತ ಕೇಳಿದ್ರೆ "ಡಿಯರ್ ಸರ್, ದಿ ಗೂಡ್ಸ್ ಆರ್ ಕರೆಕ್ಟ್ಲಿ ಕ್ಲಾಸಿಫೈಡ್, ಕೈಂಡ್ಲಿ ಕ್ಲಿಯರ್". ಅಷ್ಟೇ. ಇದಕ್ಕೆ ಏನು ಮಾಡ್ಲಿ, ಇನ್ನೊಂದು ಕ್ವೆರಿ ಹಾಕ್ತಿದ್ದೆ, ನಿಮಗೆ ಇನ್ನೊಂದು ದಿನ ಹೋಯ್ತು. ಯಾವ ವಸ್ತುವಿಂದ ಮಾಡಿದ್ದು, ಏನು ಕೆಲಸ ಮಾಡತ್ತೆ, ಒಂಟಿಯಾಗಿ ಕೆಲಸ ಮಾಡತ್ತೋ ಇನ್ನೊಂದಕ್ಕೆ ಜೋಡಿಸಬೇಕೋ, ಕ್ಯಾಟಲಾಗಲ್ಲಿ ಯಾವ ಪುಟ, ಇಷ್ಟು ಬರೆದ್ರೆ ಸಾಕಪ್ಪ. ಇಂಗ್ಲಿಷ್ ಚೆನ್ನಾಗಿರಬೇಕು ಅಂತೇನಿಲ್ಲ.

ಮತ್ತೆ ಒಂದು ವಿಷಯ, ಲೈಸೆನ್ಸ್ ಹೋಗೋದು ಹೆಚ್ಚಾಗಿ ತಪ್ಪು ಟ್ಯಾರಿಫ್ ನಂಬರಿಂದ ಅಲ್ಲ, ಕ್ಲೈಂಟ್ ಯಾರು ಅಂತ ನೋಡದೆ ಇದ್ದಿದ್ದಕ್ಕೆ. ಬ್ರೋಕರ್ ಲೈಸೆನ್ಸಿನ 2018ರ ರೆಗ್ಯುಲೇಶನ್ 10ರಲ್ಲಿ ಎನ್ ಅಂತ ಒಂದು ಕ್ಲಾಜ್ ಇದೆ, ಐಇಸಿ (ಇಂಪೋರ್ಟ್ ಎಕ್ಸ್‌ಪೋರ್ಟ್ ಕೋಡು), ಜಿಎಸ್‌ಟಿ ನಂಬರ್, ಗುರುತು, ಆ ವಿಳಾಸದಲ್ಲಿ ಅವರು ನಿಜಕ್ಕೂ ವ್ಯವಹಾರ ಮಾಡ್ತಿದ್ದಾರಾ ಅಂತ ಬ್ರೋಕರ್ರೇ ಖಾತ್ರಿ ಮಾಡ್ಕೋಬೇಕು. ಯಾರದೋ ಐಇಸಿ ಬಾಡಿಗೆಗೆ ತಗೊಂಡು ಇನ್ಯಾರೋ ಮಾಲು ತರ್ಸೋದು, ಸಿಕ್ಕಾಗ ಐಇಸಿಯವನು ಪಾಪದ ಆಟೋ ಡ್ರೈವರ್ರೋ ಯಾರೋ ಆಗಿರ್ತಾನೆ, ಅಸಲಿ ಆಸಾಮಿ ಮಾಯ, ಕೈಗೆ ಸಿಗೋನು ಬ್ರೋಕರ್ ಒಬ್ಬನೇ.

ಪಣಂಬೂರು ಗಾಳಿ

ಬೆಂಗಳೂರಿನವರು ಎಲೆಕ್ಟ್ರಾನಿಕ್ಸ್ ಬಿಟ್ಟು ಬೇರೆ ಮಾತಾಡುದೇ ಇಲ್ಲ ಮಾರಾಯ್ರೆ 😄 ನಮ್ಮಲ್ಲಿ ಮಂಗಳೂರಲ್ಲಿ ಆಫ್ರಿಕಾದಿಂದ ಬರುವ ಗೇರುಬೀಜ ಉಂಟು, ಅದಕ್ಕೆ ಟ್ಯಾರಿಫ್ ನಂಬರ್ ಹುಡುಕುದು ಎಂತ ದೊಡ್ಡ ಕೆಲಸ ಅಲ್ಲ, ಪ್ಲಾಂಟ್ ಕ್ವಾರಂಟೈನಿನವರದ್ದು ಆಗ್ಬೇಕಲ್ಲ, ಅಲ್ಲಿ ಸಿಕ್ಕಿ ಬೀಳುದು. ಫೈಟೋ ಸರ್ಟಿಫಿಕೇಟ್ (ಮಾಲಲ್ಲಿ ಕೀಟ ರೋಗ ಇಲ್ಲ ಅಂತ ಆ ದೇಶದವರು ಕೊಡುವ ಕಾಗದ) ಸರಿ ಉಂಟಾ, ಇಂಪೋರ್ಟ್ ಪರ್ಮಿಟ್ ಉಂಟಾ ಅಂತ ಹಡಗು ಅಲ್ಲಿಂದ ಹೊರಡುವ ಮೊದಲೇ ನೋಡ್ಬೇಕು, ಇಲ್ಲಿಗೆ ಬಂದ ಮೇಲೆ ನೋಡಿ ಎಂತ ಪ್ರಯೋಜನ. ನಾವು ಹೊಸಬರಿಗೆ ಮೊದಲು ಹೇಳಿ ಕೊಡುದು ಅದೇ, ಮಾಲು ಸಪ್ಲೈಯರ್ ಹತ್ರ ಇರುವಾಗಲೇ ಪೇಪರ್ ಕೇಳಿ ಅಂತ.

ಮತ್ತೆ ಬಿಲ್ ಆಫ್ ಎಂಟ್ರಿ (ಮಾಲಿನ ಬಗ್ಗೆ ಕಸ್ಟಮ್ಸಿಗೆ ಕೊಡುವ ಡಿಕ್ಲರೇಶನ್) ಲೇಟ್ ಆದ್ರೆ ಮೊದಲ 3 ದಿನ ದಿನಕ್ಕೆ 5,000, ಆಮೇಲೆ ದಿನಕ್ಕೆ 10,000 ಅಂತ ಒಂದು ಬೋರ್ಡ್ ಬರೆದು ಅವರ ಮೇಜಿನ ಎದುರು ನೇತು ಹಾಕಿ. ನಾವು ಹಾಕಿದ್ದೇವೆ.

ಕೈ ಸುಟ್ಕೊಂಡ ಇಂಪೋರ್ಟರ್

ನಾನು ಬ್ರೋಕರ್ ಅಲ್ಲ, ಸಣ್ಣ ಹಾರ್ಡ್‌ವೇರ್ ಕಂಪನಿ ನಡೆಸ್ತೀನಿ, ವರ್ಷಕ್ಕೆ ಹತ್ತು ಹನ್ನೆರಡು ಶಿಪ್‌ಮೆಂಟ್. ನಮ್ಮ ಕಷ್ಟನೂ ಕೇಳಿ. ರಾತ್ರಿ 11 ಗಂಟೆಗೆ ವಾಟ್ಸಾಪಲ್ಲಿ ಮೂರು ಪೇಜಿನ ಚೆಕ್‌ಲಿಸ್ಟ್ ಬರತ್ತೆ, ಕೆಳಗೆ "ಪ್ಲೀಸ್ ಅಪ್ರೂವ್ ಅರ್ಜೆಂಟ್". ಅದ್ರಲ್ಲಿರೋ ಕೋಡ್‌ಗಳು ನಂಗೆ ತಲೆಬುಡ ಅರ್ಥ ಆಗಲ್ಲ, ಅಪ್ರೂವ್ಡ್ ಅಂತ ಹಾಕ್ತೀನಿ, ಎರಡು ವರ್ಷ ಆದ್ಮೇಲೆ ನೋಟಿಸ್ ಬಂದ್ರೆ "ನೀವೇ ಅಪ್ರೂವ್ ಮಾಡಿದ್ರಲ್ಲ ಸಾರ್" ಅಂತಾರೆ. ಡಿಕ್ಲೇರ್ ಮಾಡೋನು ಇಂಪೋರ್ಟರ್, ಸೆಲ್ಫ್ ಅಸೆಸ್‌ಮೆಂಟ್, ನನ್ನ ಜವಾಬ್ದಾರಿನೇ, ಒಪ್ತೀನಿ. ಆದ್ರೆ ಗೊತ್ತಿರೋರು ನೀವಲ್ವಾ?

ಈಗಿನ ಬ್ರೋಕರ್ ಆಫೀಸಲ್ಲಿ ಒಬ್ಳು ಹುಡುಗಿ ಇದಾಳೆ, ಚೆಕ್‌ಲಿಸ್ಟ್ ಜೊತೆ ಮೂರೇ ಪ್ರಶ್ನೆ ಕಳಿಸ್ತಾಳೆ. ಈ ಸಾಮಾನು ಏನು ಮಾಡತ್ತೆ ಒಂದು ಸಾಲಲ್ಲಿ ಹೇಳಿ, ಬಾಕ್ಸ್ ಒಳಗೆ ಇನ್ನೇನಾದ್ರೂ ಇದ್ಯಾ ಬ್ಯಾಟರಿ ಚಾರ್ಜರ್ ಕೇಬಲ್ ಸೇರಿ, ಹೋದ ಸಲಕ್ಕೂ ಈ ಸಲಕ್ಕೂ ಮಾಡೆಲ್ ಬದ್ಲಾಗಿದ್ಯಾ. ಇಷ್ಟೇ. ಮೂರನೇ ಪ್ರಶ್ನೆಯಿಂದ ಒಂದ್ಸಲ ದೊಡ್ಡ ತಲೆನೋವು ತಪ್ತು, ಸಪ್ಲೈಯರ್ ನಮಗೆ ಹೇಳದೆ ಬ್ಲೂಟೂತ್ ಇರೋ ಹೊಸ ಮಾಡೆಲ್ ಹಾಕಿದ್ದ, ವೈರ್‌ಲೆಸ್ ಅಪ್ರೂವಲ್ ಇರ್ಲಿಲ್ಲ, ಇನ್ನೂ ಹೊರಟಿರ್ಲಿಲ್ಲ ಅಲ್ಲೇ ನಿಲ್ಲಿಸಿದ್ವಿ.

ಎಚ್ ಕಾರ್ಡ್ ಹೈದ

ನಾನು ಆ ನಾಲ್ಕು ಜನದ ತರದವನೇ ಅಣ್ಣ, ಸೇರಿ ಎಂಟು ತಿಂಗ್ಳು. ಕಾಪಿ ಪೇಸ್ಟ್ ಯಾಕೆ ಮಾಡ್ತೀವಿ ಅಂದ್ರೆ ದಿನಕ್ಕೆ ಇಷ್ಟು ಜಾಬ್ ಮುಗಿಸ್ಬೇಕು ಅಂತ ಟಾರ್ಗೆಟ್ ಇರತ್ತೆ, ಕ್ಲೈಂಟಿಗೆ ಫೋನ್ ಮಾಡಿ ಕೇಳಿದ್ರೆ "ಹೋದ ಸಲ ಹಾಕಿದ್ದೇ ಹಾಕು, ಹೊಸಬನಾ ನೀನು" ಅಂತಾರೆ, ಸೀನಿಯರ್‌ಗೆ ಕೇಳಿದ್ರೆ "ಇಷ್ಟೂ ಗೊತ್ತಿಲ್ವಾ" ಅಂತಾರೆ. ಇನ್ನು ಇಂಗ್ಲಿಷಲ್ಲಿ ಕ್ವೆರಿ ಉತ್ತರ ಬರೆಯೋದು ಅಂದ್ರೆ ಕೈ ನಡುಗತ್ತೆ, ನಾನು ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಮ್ಮು. ನಮ್ಮ ಆಫೀಸಲ್ಲಿ ಒಬ್ರು ಅಣ್ಣ ಇದಾರೆ, ಅವ್ರು ಮೊದ್ಲು ಕನ್ನಡದಲ್ಲಿ ಹೇಳು ಅಂತಾರೆ, ನಾನು ಹೇಳಿದ್ದನ್ನೇ ಇಬ್ರೂ ಕೂತು ಇಂಗ್ಲಿಷ್ ಮಾಡ್ತೀವಿ, ಈಗ ಸುಮಾರಾಗಿ ಒಬ್ನೇ ಬರೀತೀನಿ. ಜಿ ಕಾರ್ಡ್ ಎಕ್ಸಾಮಿಗೂ ಓದ್ತಿದೀನಿ. ತಪ್ಪಾಗಿ ಕೇಳಿದ್ರೂ ಬೈಬೇಡಿ ಅಷ್ಟೇ ಸಾಕು ನಮಗೆ.

ಚೆಕ್‌ಲಿಸ್ಟ್ ಚಿಂತೆ

ಎಚ್ ಕಾರ್ಡ್ ತಮ್ಮ, ನಿನ್ನ ಮಾತು ಸ್ವಲ್ಪ ಚುಚ್ಚಿತು. ಆ ಅಡಾಪ್ಟರ್ ಹುಡುಗ ನನ್ನ ಹತ್ರ ಬಂದು "ಆಕ್ಸೆಸರೀಸ್ ಅಂದ್ರೆ ಏನಿರಬಹುದು ಸಾರ್" ಅಂತ ಕೇಳಿದ್ನಂತೆ, ನಾನು ಫೋನಲ್ಲಿದ್ದೆ, ಹಳೇದು ನೋಡಿ ಹಾಕೋ ಅಂದ್ನಂತೆ. ನಿನ್ನೆ ಅವನ ಜೊತೆಗಿರೋ ಹುಡುಗಿ ಹೇಳಿದ್ಳು, ಅವನು ಬಾಯಿ ಬಿಟ್ಟಿರ್ಲಿಲ್ಲ.

ಸಾಹೇಬ್ರ ಹತ್ರ ಮಾತಾಡಿದೆ, ಮೊದಲ ಮೂರು ತಿಂಗ್ಳು ಈ ನಾಲ್ಕು ಜನಕ್ಕೆ ಟಾರ್ಗೆಟ್ ಇಲ್ಲ, ಅಷ್ಟಕ್ಕೆ ಒಪ್ಸೋಕೆ ಎರಡು ಕಾಫಿ ಬೇಕಾಯ್ತು. ಆ ಮೂರು ಪ್ರಶ್ನೆ ನಾಳೆಯಿಂದಾನೇ ಚೆಕ್‌ಲಿಸ್ಟ್ ಮೇಲೆ ಹಾಕ್ತೀವಿ, ಕ್ಲೈಂಟ್ ಬೈದ್ರೆ ನನ್ನ ನಂಬರ್ ಕೊಡಿ ಅಂತ ಹೇಳಿದೀನಿ. ತಾತ, ನೀವು ಹೇಳಿದ್ಮೇಲೆ ನಮ್ಮ ಹಳೇ ಕ್ವೆರಿ ಉತ್ತರಗಳನ್ನ ತೆಗೆದು ನೋಡ್ದೆ, "ಕೈಂಡ್ಲಿ ಕ್ಲಿಯರ್" ಅಂತ ಬರೆದಿರೋದ್ರಲ್ಲಿ ಅರ್ಧ ನಂದೇ.

ಶೆಡ್ ಸೀನಿಯರ್ ಅಣ್ಣ, ಆ ಪೀಣ್ಯದ ಡಬ್ಬ ಒಂದು ವಾರಕ್ಕೆ ಸಾಲ ಕೊಡ್ತೀರಾ? ಶನಿವಾರ ನಾನೇ ಬಂದು ತಗೊಂಡು ಹೋಗ್ತೀನಿ.

ಶೆಡ್ ಸೀನಿಯರ್

ಬಾ ಗುರು, ಆದ್ರೆ ಓ ರಿಂಗ್ ಎಣಿಸಿ ಕೊಡ್ತೀನಿ ಎಣಿಸಿ ವಾಪಸ್ ಕೊಡ್ಬೇಕು, ಹೋದ ಸಲ ತಗೊಂಡೋನು ಎರಡು ಕಳ್ದಿದಾನೆ.