ಕಂಪ್ಯಾಟಿಬಿಲಿಟಿ ಲೇಯರ್: ‘ಹೊಂದಾಣಿಕೆ’ಯೋ ‘ಒಗ್ಗು’ವುದೋ?

ಗೆಳೆಯರೇ,

ಪರಿಚಯದವರೊಬ್ಬರ ಮುದ್ರಣಾಲಯ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಗೆ ಬದಲಾಗಿದೆ. ಹಳೆಯ ಪುಟವಿನ್ಯಾಸದ ತಂತ್ರಾಂಶವೊಂದನ್ನು ಮಾತ್ರ ಬಿಡುವಂತಿಲ್ಲ, ಹಿಂದಿನ ಕಡತಗಳೆಲ್ಲ ಅದರಲ್ಲೇ ಇವೆ. ಅದೋ ವಿಂಡೋಸಿನದು. ಹಾಗಾಗಿ ವಿಂಡೋಸಿನ ತಂತ್ರಾಂಶಗಳನ್ನು ಲಿನಕ್ಸಿನಲ್ಲಿ ನಡೆಸಿಕೊಡುವ ‘ವೈನ್’ ಎಂಬ ತಂತ್ರಾಂಶ ಹಾಕಿ ಓಡಿಸುತ್ತಿದ್ದಾರೆ. (“ವೈನ್ ಹಾಕಿದ್ರೆ ಓಡುತ್ತೆ” ಎಂದಾಗ ಅಲ್ಲಿನ ಹಿರಿಯರೊಬ್ಬರು ನಕ್ಕ ನಗೆ ಇನ್ನೂ ಕಿವಿಯಲ್ಲಿದೆ.) ಹುಡುಗರಿಗೆಂದು ಎರಡು ಪುಟದ ಕನ್ನಡ ಟಿಪ್ಪಣಿ ಬರೆಯಲು ಕೂತವನು ಎರಡನೇ ಸಾಲಿಗೇ ಸಿಕ್ಕಿಕೊಂಡೆ. ವೈನ್‌ನಂಥ ನಡುವಿನ ತಂತ್ರಾಂಶಕ್ಕೆ, ಅಂದರೆ ಕಂಪ್ಯಾಟಿಬಿಲಿಟಿ ಲೇಯರ್‌ಗೆ, ಕನ್ನಡದಲ್ಲಿ ಏನನ್ನೋಣ?

ಕೈಗೆ ಮೊದಲು ಸಿಗುವುದು ‘ಹೊಂದಾಣಿಕೆ ಪದರ’. ನನಗೆ ಸಮಾಧಾನವಿಲ್ಲ. ಪತ್ರಿಕೆಯಲ್ಲಿ ಹೊಂದಾಣಿಕೆ ಎಂದರೆ ಸೀಟು ಹೊಂದಾಣಿಕೆ, ಒಳ ಹೊಂದಾಣಿಕೆ. ಮನೆಯಲ್ಲಿ “ಸ್ವಲ್ಪ ಹೊಂದ್ಕೊಂಡು ಹೋಗು”. ಎಲ್ಲ ಕಡೆಯೂ ಇಬ್ಬರೂ ಒಂದಿಷ್ಟು ಬಿಟ್ಟುಕೊಡಬೇಕು. ಇಲ್ಲಿ ತಂತ್ರಾಂಶ ಏನನ್ನೂ ಬಿಟ್ಟುಕೊಡುವುದಿಲ್ಲ, ಅದರ ಒಂದು ಬೈಟೂ ಬದಲಾಗುವುದಿಲ್ಲ. ಲಿನಕ್ಸಿನ ತಿರುಳಾದ ಕರ್ನಲ್ ಕೂಡ ಬಹುಪಾಲು ತನ್ನ ಪಾಡಿಗೆ ತಾನಿರುತ್ತದೆ. ಬೆವರು ಸುರಿಸುವುದೆಲ್ಲ ನಡುವಿನ ವೈನ್. ತಂತ್ರಾಂಶ ‘ಸಿ’ ಡ್ರೈವ್ ಕೇಳಿದರೆ ಬಳಕೆದಾರರ ಮನೆ ಕಡತಕೋಶದೊಳಗಿನ ಒಂದು ಫೋಲ್ಡರನ್ನು ತೋರಿಸುತ್ತದೆ, ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ಜಾಗ) ಕೇಳಿದರೆ ತಾನೇ ಬರೆದಿಟ್ಟ ಪಠ್ಯಕಡತದಿಂದ ಓದಿ ಹೇಳುತ್ತದೆ, ಕಿಟಕಿ ತೆರೆ ಎಂದರೆ ಲಿನಕ್ಸಿನ ಕೈಯಲ್ಲಿ ತೆರೆಸುತ್ತದೆ. ಇಷ್ಟೆಲ್ಲ ಓಡಾಡುವವನನ್ನು ಈರುಳ್ಳಿ ಸಿಪ್ಪೆಯಂತೆ ‘ಪದರ’ ಎನ್ನುವುದೂ ಅನ್ಯಾಯವೇ.

‘ದುಭಾಷಿ’ ಎನ್ನಬಹುದಿತ್ತು. ಕೆಲಸಕ್ಕೆ ಚೆನ್ನಾಗಿ ಒಪ್ಪುತ್ತದೆ. ಆದರೆ ಪ್ರೋಗ್ರಾಮನ್ನು ಓದುತ್ತಲೇ ನಡೆಸುವ ಇಂಟರ್‌ಪ್ರಿಟರ್ ಎಂದರೂ ದುಭಾಷಿಯೇ ಅಲ್ಲವೇ? ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಕಲಿಯುವ ಹುಡುಗ ಎರಡನ್ನೂ ಒಂದೇ ಎಂದುಕೊಂಡಾನು.

ಎಮ್ಯುಲೇಟರಿಗೆ ಬಳಸುವ ‘ಅನುಕರಣೆ’ ಎಂದರೆ ವೈನ್‌ನವರೇ ಜಗಳಕ್ಕೆ ಬರುತ್ತಾರೆ. 1993ರಲ್ಲಿ ಶುರುವಾದಾಗ ಆ ಹೆಸರನ್ನು ವಿಂಡೋಸ್ ಎಮ್ಯುಲೇಟರ್ ಎಂದೂ ಬಿಡಿಸುತ್ತಿದ್ದರು. ಈಗ ನಿಂತಿರುವುದು ‘ವೈನ್ ಈಸ್ ನಾಟ್ ಆನ್ ಎಮ್ಯುಲೇಟರ್’. ಅದು ಬರಿಯ ಚೇಷ್ಟೆಯಲ್ಲ. ಎಮ್ಯುಲೇಟರ್ ಇಲ್ಲದ ಯಂತ್ರವನ್ನೇ ನಟಿಸುತ್ತದೆ, ಹಳೆಯ ಡಾಸ್ ಆಟಗಳನ್ನು ಓಡಿಸುವ ಡಾಸ್‌ಬಾಕ್ಸ್ ಹಳೆಯ ಪ್ರೊಸೆಸರನ್ನು ನಟಿಸುವ ಹಾಗೆ. ಮುದ್ರಣಾಲಯದಂಥ ಸಾಮಾನ್ಯ ಪಿಸಿಯಲ್ಲಿ ವೈನ್‌ಗೆ ಆ ಪಾಡಿಲ್ಲ. ತಂತ್ರಾಂಶದ ಆದೇಶಗಳನ್ನು ಪ್ರೊಸೆಸರ್ ನೇರವಾಗಿಯೇ ನಡೆಸುತ್ತದೆ, ವಿಂಡೋಸಿಗೆಂದು ಕೂಗಿದ ಕರೆಗಳಿಗೆ ಮಾತ್ರ ವೈನ್ ಓಗೊಡುತ್ತದೆ. ‘ಅಣಕ’ವಂತೂ ಬೇಡ, ಅದರಲ್ಲಿ ಹಂಗಿಸುವ ದನಿಯಿದೆ. ಸಿಮ್ಯುಲೇಟರಿಗೂ ಎಮ್ಯುಲೇಟರಿಗೂ ಒಂದೇ ‘ಅನುಕರಣೆ’ ಬಳಸುವ ನಮ್ಮ ರೂಢಿಯ ಜಗಳ ಇನ್ನೊಮ್ಮೆ ಆಡೋಣ.

ನನ್ನ ಒಲವು ‘ಒಗ್ಗು’ ಕಡೆಗೆ. “ಆ ಊರಿನ ನೀರು ನನಗೆ ಒಗ್ಗಲಿಲ್ಲ”, “ಔಷಧಿ ಮೈಗೆ ಒಗ್ಗಿತು”. ವ್ಯಾಕರಣ ನೋಡಿ: ಹೊರಗಿನಿಂದ ಬಂದ ನೀರು ಪ್ರಥಮೆಯಲ್ಲಿ, ಬರಮಾಡಿಕೊಂಡ ನಾನು ಚತುರ್ಥಿಯಲ್ಲಿ. ತಂತ್ರಾಂಶ ಲಿನಕ್ಸಿಗೆ ಒಗ್ಗುತ್ತದೆ, ಇಲ್ಲವೇ ಒಗ್ಗುವುದಿಲ್ಲ. ಪ್ರೇರಣಾರ್ಥಕ ಮಾಡಿದರೆ ಮೂರನೆಯವನಿಗೂ ಜಾಗ ಸಿಗುತ್ತದೆ: ವೈನ್ ಅದನ್ನು ಲಿನಕ್ಸಿಗೆ ಒಗ್ಗಿಸುತ್ತದೆ. ಇನ್ನೊಂದು ಅನುಕೂಲವೂ ಇದೆ. ಒಗ್ಗುವುದರಲ್ಲಿ ಅರ್ಧಂಬರ್ಧವೂ ಉಂಟು. ಅಕ್ಷರ ಸರಿಯಾಗಿ ಮೂಡಿ ಮುದ್ರಣದ ಹೊತ್ತಿಗೆ ಮುನಿಸಿಕೊಳ್ಳುವ ತಂತ್ರಾಂಶಕ್ಕೆ “ಪೂರ್ತಿ ಒಗ್ಗಿಲ್ಲ” ಎಂದರೆ ಯಾರಿಗೂ ವಿವರಿಸಬೇಕಿಲ್ಲ.

ತೊಡಕಿರುವುದು ನಾಮಪದದಲ್ಲಿ. ‘ಒಗ್ಗುಪದರ’ ಬಾಯಿಗೆ ಒಗ್ಗುತ್ತಿಲ್ಲ. ‘ಒಗ್ಗಿಸುಗ’ ಎಂದರೆ ಅರ್ಧ ಜನ ಮೂಗು ಮುರಿಯುತ್ತಾರೆ, ನಾನೂ ಸೇರಿ.

ಜೊತೆಗೊಂದು ಚಿಕ್ಕ ಪ್ರಶ್ನೆ, ಪ್ರೊಪ್ರೈಟರಿ, ಅಂದರೆ ಮಾಲೀಕರು ಹಿಡಿತ ಬಿಟ್ಟುಕೊಡದ ತಂತ್ರಾಂಶದ್ದು. ‘ಖಾಸಗಿ’ ಎಂದರೆ ಸರಕಾರಿ ಬಸ್ಸಿನ ಎದುರಿನ ಬಸ್ಸು ನೆನಪಾಗುತ್ತದೆ. ‘ಹಕ್ಕುಸ್ವಾಮ್ಯದ ತಂತ್ರಾಂಶ’ ಎಂದು ಕೆಲವರು ಬರೆಯುವುದು ತಪ್ಪೇ ಸರಿ: 2002ರಿಂದ ಎಲ್‌ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯಲ್ಲಿರುವ ವೈನ್‌ಗೂ ಹಕ್ಕುಸ್ವಾಮ್ಯವಿದೆ, ಆ ಪರವಾನಗಿ ನಿಂತಿರುವುದೇ ಅದರ ಮೇಲೆ. ಸದ್ಯಕ್ಕೆ ‘ಒಡೆತನದ ತಂತ್ರಾಂಶ’ ಎಂದು ಬರೆದಿಟ್ಟಿದ್ದೇನೆ.

ಧಾರವಾಡ, ಕಲಬುರಗಿ ಕಡೆಯವರು ತಿಳಿಸಬೇಕು: ನೀರು, ಹವೆ ಮೈಗೆ ಕೂಡಿಬರುವುದಕ್ಕೆ ನಿಮ್ಮಲ್ಲೂ ‘ಒಗ್ಗು’ ಎನ್ನುತ್ತಾರೆಯೇ, ಬೇರೆ ಮಾತಿದೆಯೇ? ನಾಮಪದವಾಗಿ ನಿಲ್ಲಬಲ್ಲದ್ದೇನಾದರೂ ಇದ್ದರೆ ಟಿಪ್ಪಣಿ ಅಚ್ಚಿಗೆ ಹೋಗುವ ಮೊದಲೇ ಬೇಕಿತ್ತು.