ಭಾಂಡೂಪಿನ ಮನೆ ಎಸ್‌ಆರ್‌ಎಗೆ: ಒಂದು ಬಾಗಿಲು, ಎರಡು ಸಂಸಾರ

ಪ್ರಶ್ನೆ: ಮುಂಬಯಿಯ ಭಾಂಡೂಪಿನ ಝೋಪಡಪಟ್ಟಿಯಲ್ಲಿ (ಕೊಳೆಗೇರಿ) ಮಾವನವರ ಹೆಸರಲ್ಲಿ ಮನೆ ಇದೆ. ಅದು ಈಗ ಎಸ್‌ಆರ್‌ಎ ಸ್ಕೀಮಿಗೆ ಹೋಗುತ್ತಿದೆ; ಎಸ್‌ಆರ್‌ಎ ಅಂದರೆ ಝೋಪಡಿ ಕೆಡವಿ ಅಲ್ಲೇ ಬಿಲ್ಡರ್ ಕೈಯಿಂದ ಹೊಸ ಮನೆ ಕಟ್ಟಿಸುವ ಸರಕಾರಿ ಪ್ರಾಧಿಕಾರ. ಕೆಳಗೆ ಅತ್ತೆ, ಮಾವ ಮತ್ತು ನಾವು; ಪೋಟ್‌ಮಾಳಾದಲ್ಲಿ (ಮೇಲಿನ ಅಟ್ಟದ ಮಹಡಿ) ಮೈದುನನ ಸಂಸಾರ. ಒಟ್ಟು 9 ಜನ. ಮೇಲಿನ ಲೈಟ್ ಮೀಟರ್ ಬೇರೆಯೇ ಇದೆ. ಬಿಲ್ಡರ್ ಕಡೆಯವರು ಸಹಿ ಕೇಳುತ್ತಿದ್ದಾರೆ, ಎರಡು ಮನೆ ಕೊಡಿಸುತ್ತೇವೆ ಅಂತಲೂ ಹೇಳುತ್ತಾರೆ. ನಂಬಬಹುದಾ? ಸಹಿಗೆ ಮೊದಲು ಏನು ನೋಡಬೇಕು?

ಚೆಂಬೂರಿನಿಂದ: ಅಕ್ಕಾ, ಒಂದೇ ಮನೆ ಅಂತ ಲೆಕ್ಕ ಹಾಕಿಕೊಳ್ಳಿ. ಎಸ್‌ಆರ್‌ಎ ಎಣಿಸುವುದು ನೆಲದ ಮೇಲಿನ ಬಾಗಿಲನ್ನು. ಮನೆಯಲ್ಲಿ 3 ಜನ ಇದ್ದರೂ 9 ಜನ ಇದ್ದರೂ ಅದೇ 300 ಚದರ ಅಡಿ ಕಾರ್ಪೆಟ್. ಬಾತ್‌ರೂಮ್, ಸಂಡಾಸ, ಬಾಲ್ಕನಿ ಎಲ್ಲ ಅದರೊಳಗೇ ಬರುತ್ತವೆ. ಮಾಳಾ ಲೆಕ್ಕಕ್ಕಿಲ್ಲ, ಬೇರೆ ಮೀಟರ್ ಇದ್ದರೂ ಅಷ್ಟೇ. ಮೇಲಿನ ಮಹಡಿಯವರನ್ನೂ ಲೆಕ್ಕಕ್ಕೆ ಹಿಡಿದಿರುವುದು ಧಾರಾವಿಯಲ್ಲಿ. ಅದರ ನಿಯಮವೇ ಬೇರೆ, ಭಾಂಡೂಪಿಗೆ ತಾಳೆ ಹಾಕಬೇಡಿ. ಎರಡು ಮನೆ ಅನ್ನುವವರಿಗೆ "ಪರಿಶಿಷ್ಟ-2ರಲ್ಲಿ ಎರಡನೇ ಹೆಸರು ತೋರಿಸಿ" ಅನ್ನಿ, ಮಾತು ಅಲ್ಲಿಗೇ ನಿಲ್ಲುತ್ತದೆ.

ಪರಿಶಿಷ್ಟ-2 ಅಂದರೆ ಯಾರು ಪಾತ್ರ (ಮನೆಗೆ ಅರ್ಹ), ಯಾರು ಅಪಾತ್ರ (ಅನರ್ಹ) ಎಂಬ ಸರಕಾರಿ ಪಟ್ಟಿ. 1-1-2000ಕ್ಕಿಂತ ಮುಂಚಿನ ವಾಸಕ್ಕೆ ದಾಖಲೆ ಇದ್ದರೆ ಮನೆ ಪುಕ್ಕಟೆ. ಅಲ್ಲಿಂದ 1-1-2011ರವರೆಗಿನವರು ದುಡ್ಡು ಕಟ್ಟಬೇಕು. 2023ರಲ್ಲಿ ಸರಕಾರ ಅದನ್ನು ಎರಡೂವರೆ ಲಕ್ಷ ಅಂತ ನಿಗದಿ ಮಾಡಿತು. ಮುಖ್ಯ ಕಾಗದ ಹಳೇ ಮತದಾರರ ಪಟ್ಟಿಯ ದೃಢೀಕೃತ ಪ್ರತಿ. ಜೊತೆಗೆ ಈಗಲೂ ಅಲ್ಲೇ ಇದ್ದೀರಿ ಅನ್ನುವುದಕ್ಕೆ ಲೈಟ್ ಬಿಲ್, ರೇಷನ್ ಕಾರ್ಡ್; ಫೋಟೋಪಾಸ್ (ಝೋಪಡಿಯವರಿಗೆ ಸರಕಾರ ಕೊಟ್ಟ ಫೋಟೋ ಇರುವ ಗುರುತಿನ ಚೀಟಿ) ಇದ್ದರೆ ಅದನ್ನೂ ಕೊಡಿ.

ನಮ್ಮ ಕನ್ನಡದವರ ಕಾಗದ ಕೈಕೊಡುವುದು ಹೆಸರಿನಲ್ಲಿ. ಊರಿನ ದಾಖಲೆಯಲ್ಲಿ ಇನಿಶಿಯಲ್ ಮುಂದೆ. ಇಲ್ಲಿ ಮರಾಠಿ ಪಟ್ಟಿಯಲ್ಲಿ ಹೆಸರು, ಅಪ್ಪನ ಹೆಸರು, ಆಡನಾವ್ (ಅಡ್ಡಹೆಸರು). 'ಹನುಮಂತಪ್ಪ' ಒಂದು ಕಡೆ 'ಹನುಮಂತಾ' ಆಗಿರುತ್ತದೆ, ಊರಿನ ಹೆಸರೇ ಆಡನಾವ್ ಆಗಿ ಕೂತಿರುತ್ತದೆ. ಎರಡೂ ಹೆಸರಿನವರು ಒಬ್ಬರೇ ಎಂಬ ಅಫಿಡವಿಟ್ ಈಗಲೇ ಮಾಡಿಸಿ. ಅಪಾತ್ರ ಅಂತ ಬಂದ ಮೇಲೆ ಅಪೀಲು ಓಡಾಡುವುದಕ್ಕಿಂತ ಇದು ಎಷ್ಟೋ ಅಗ್ಗ.

ಸರ್ವೆಯವರು ಬಂದು ಬಾಗಿಲಿಗೆ ನಂಬರು ಹಾಕಿ ಬಯೋಮೆಟ್ರಿಕ್ ತೆಗೆಯುವ ದಿನ ಮಾವನವರು ಮನೆಯಲ್ಲಿರಲೇಬೇಕು. ಬೀಗ ಹಾಕಿದ ಮನೆ ಎಂದು ಬರೆದುಕೊಂಡು ಹೋದರೆ ಮತ್ತೆ ಅರ್ಜಿ, ಮತ್ತೆ ಸುತ್ತಾಟ.

ಘಾಟ್‌ಕೋಪರಿನಿಂದ: ಸಹಿ ವಿಷಯ. ಮೊದಲು 70% ಒಪ್ಪಿಗೆ ಬೇಕಿತ್ತು, ಈಗ 51% ಸಾಕು. ಅಂದರೆ ನಿಮ್ಮದೊಂದು ಸಹಿ ತಡೆಹಿಡಿದು ಸ್ಕೀಮ್ ನಿಲ್ಲಿಸಲಾಗದು. ಒಪ್ಪದವರನ್ನು ಸ್ಲಂ ಕಾಯ್ದೆಯ 33, 38ನೇ ಸೆಕ್ಷನ್ ಕೆಳಗೆ ಖಾಲಿ ಮಾಡಿಸುತ್ತಾರೆ. ಹಾಗಂತ ಖಾಲಿ ಹಾಳೆಗೆ ಹಾಕಬೇಡಿ. ಒಪ್ಪಂದದಲ್ಲಿ ಬಿಲ್ಡರ್ ಹೆಸರು, ಸೊಸೈಟಿ (ಝೋಪಡಿಯವರ ಸಹಕಾರಿ ಸಂಘ) ಹೆಸರು, ನಿಮ್ಮ ಝೋಪಡಿ ನಂಬರು, ಕಾರ್ಪೆಟ್ ಏರಿಯಾ, ಹೊಸ ಮನೆ ಸಿಗುವವರೆಗೆ ಬಿಲ್ಡರ್ ಕೊಡುವ ತಿಂಗಳ ಭಾಡೆ (ಬಾಡಿಗೆ ಹಣ) ಮತ್ತು ಅದು ವರ್ಷಕ್ಕೆಷ್ಟು ಏರುತ್ತದೆ, ಎಲ್ಲ ತುಂಬಿರಬೇಕು. ಒಂದು ಪ್ರತಿ ಕೈಗೆ ಬರಬೇಕು.

ಹೆಚ್ಚು ಜನ ಒದ್ದಾಡುವುದು ಭಾಡೆಗೆ. ಮನೆ ಕೆಡವಿ ವರ್ಷ ಕಳೆಯುವಷ್ಟರಲ್ಲಿ ಚೆಕ್ ಬೌನ್ಸ್. ಅದಕ್ಕೇ 2023ರಲ್ಲಿ ಎಸ್‌ಆರ್‌ಎ ಸುತ್ತೋಲೆ ತಂದಿತು: ಬಿಲ್ಡರ್ ಎರಡು ವರ್ಷದ ಭಾಡೆ ಮುಂಗಡವಾಗಿ ಪ್ರಾಧಿಕಾರದಲ್ಲಿ ಇಡಬೇಕು, ಮೂರನೇ ವರ್ಷಕ್ಕೆ ಮುಂದಿನ ತಾರೀಕಿನ ಚೆಕ್ ಕೊಡಬೇಕು. ಆ ಠೇವಣಿಯ ರಸೀದಿ ಸೊಸೈಟಿ ಕಮಿಟಿಯ ಹತ್ತಿರ ನೋಡಿ, ಆಮೇಲೆ ಬೀಗದ ಕೈ ಕೊಡಿ. ಬಿಲ್ಡರ್ ಕೈಬಿಟ್ಟರೆ ಸ್ಲಂ ಕಾಯ್ದೆಯ 13(2)ರಡಿ ಅವನನ್ನು ಬದಲಿಸಲು ಸೊಸೈಟಿ ಅರ್ಜಿ ಹಾಕಬಹುದು. ಆದರೆ ಅದು ಎಳೆದಾಡುವ ಕೆಲಸ.

ದಾದರಿನಿಂದ: ಮೇಲಿನವರು ಬಿಟ್ಟ ಒಂದು ಮಾತು: ನಕ್ಷೆ. ಬಿಲ್ಡರ್ ಹೊರಗಿನವರಿಗೆ ಮಾರುವ ಟವರಿಗೆ ಜಾಗ ಉಳಿಸಲು ಝೋಪಡಿಯವರ ಪುನರ್ವಸತಿ ಕಟ್ಟಡಗಳನ್ನು ಒತ್ತೊತ್ತಾಗಿ ನಿಲ್ಲಿಸುತ್ತಾರೆ. ನಿಯಮದಲ್ಲೇ ಹೆಕ್ಟೇರಿಗೆ ಕನಿಷ್ಠ 650 ಮನೆ. ಗೋವಂಡಿ, ಮಾನ್‌ಖುರ್ದ್ ಕಡೆಯ ನಟವರ್ ಪಾರೇಖ್, ಲಲ್ಲೂಭಾಯಿ ಕಂಪೌಂಡುಗಳಲ್ಲಿ ಕಟ್ಟಡಗಳ ನಡುವೆ 3 ಮೀಟರ್ ಅಂತರ. ಗಾಳಿ ಬೆಳಕಿಲ್ಲದ ಕೆಳಮಹಡಿಗಳಲ್ಲಿ ಕ್ಷಯ ಹೆಚ್ಚು ಅಂತ ವೈದ್ಯರ ಅಧ್ಯಯನವೇ ಆಯಿತು. ಜನರಲ್ ಬಾಡಿ ಸಭೆಯಲ್ಲಿ ಎರಡು ಕಟ್ಟಡಗಳ ನಡುವಿನ ಅಂತರ, ಲಿಫ್ಟ್ ಎಷ್ಟು, ಅಡುಗೆಮನೆ ಕಿಟಕಿ ಎಲ್ಲಿ ತೆರೆಯುತ್ತದೆ ಕೇಳಿ. ಮಹಡಿ ಲಾಟರಿಯಲ್ಲಿ ಬರುತ್ತದೆ, ಕೆಳಮಹಡಿ ಯಾರಿಗಾದರೂ ಬಂದೇ ಬರುತ್ತದೆ.

ಶಹರದ ಜನಸಂಖ್ಯೆ ತಡೆಯಲು ಮುಂಬಯಿ ಕಂಡುಕೊಂಡ ಉಪಾಯ ಕಟ್-ಆಫ್ ತಾರೀಕು (ಅದಕ್ಕಿಂತ ಮುಂಚೆ ಬಂದವರು ಮಾತ್ರ ಪಾತ್ರ) ಅಂತ ನನ್ನ ಅಭಿಪ್ರಾಯ. 1976ರ ಝೋಪಡಿ ಗಣತಿ, ಆಮೇಲೆ 1995, 2000, 2011. ಜನ ಬರುವುದು ನಿಲ್ಲಲಿಲ್ಲ, ತಾರೀಕು ಮಾತ್ರ ಮುಂದೆ ಹೋಯಿತು. 2011ರ ಗಣತಿಯಲ್ಲಿ ದಕ್ಷಿಣದ ಹಳೇ ಶಹರದ ಜನಸಂಖ್ಯೆ ಇಳಿದು ಉಪನಗರದ್ದು ಏರಿತ್ತು. ಮುಂದೆ ತಾರೀಕು ಸರಿಯಬಹುದು ಅಂತ ನಿಮ್ಮ ಮೈದುನ ಕಾಯುತ್ತಾ ಕೂರುವುದು ಬೇಡ. ತಾರೀಕು ಸರಿದರೂ ಮಾಳಾಕ್ಕೆ ಬಾಗಿಲ ನಂಬರು ಬರುವುದಿಲ್ಲ.

ಪ್ರಶ್ನೆ ಕೇಳಿದವರು: ಹಾಗಾದರೆ ಮೈದುನನ ಪಾಲು?

ಚೆಂಬೂರಿನಿಂದ: ಮನೆ ಮಾವ ಮತ್ತು ಅತ್ತೆ ಇಬ್ಬರ ಜಂಟಿ ಹೆಸರಿಗೆ ಬರುತ್ತದೆ. ಅದು ಕಾಗದದ ಮಾತು. ಮಕ್ಕಳಲ್ಲಿ ಯಾರು ಅಲ್ಲಿರುತ್ತಾರೆ, ಹೊರಟವರಿಗೆ ಎಷ್ಟು ಅನ್ನುವುದನ್ನು ಮಾವ ಇರುವಾಗಲೇ ನೋಂದಾಯಿತ ಕುಟುಂಬ ಒಪ್ಪಂದ ಅಥವಾ ಮೃತ್ಯುಪತ್ರದಲ್ಲಿ (ಉಯಿಲು) ಬರೆಸಿ. ಮನೆ ಸಿಕ್ಕ ಮೇಲೆ ಕೆಲವು ವರ್ಷ ಮಾರುವಂತಿಲ್ಲ, ಹಾಗಾಗಿ ಮಾರಿ ಹಂಚಿಕೊಳ್ಳೋಣ ಎಂಬ ಲೆಕ್ಕ ಹಾಕಬೇಡಿ. ಭಾಡೆ ಚೆಕ್ ಮಾವನ ಖಾತೆಗೇ ಬರುತ್ತದೆ. ಅದರಲ್ಲಿ ಮೈದುನನ ಮನೆ ಬಾಡಿಗೆಗೆ ಎಷ್ಟು ಅನ್ನುವುದನ್ನೂ ಆ ಒಪ್ಪಂದದಲ್ಲೇ ಸೇರಿಸಿ.